ಮಧುಗಿರಿಯ ಬೀದಿಗಳಲ್ಲಿ ಬೇಸಿಗೆ

ಪಾಸ್ಖ ಹಬ್ಬ ಕಳೆದು ಮಕ್ಕಳ ಪರೀಕ್ಷೆಗಳು ಮುಗಿದೊಡನೆ ನಮ್ಮ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಈ ಸಲ ರಜೆಗೆ ಎಲ್ಲಿಗೆ? ಉತ್ತರಗಳು ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತವೆ. ಊಟಿ, ಮಡಿಕೇರಿ, ಕೊಡೈಕೆನಾಲ್. ಹರಕೆ ಇದ್ದರೆ ವೇಳಾಂಕಣ್ಣಿ. ಕೈ ಸ್ವಲ್ಪ ಬಿಗಿಯಾಗಿದ್ದರೆ ಒಂದೇ ದಿನದಲ್ಲಿ ಹೋಗಿಬರುವ ನಂದಿಬೆಟ್ಟ. ನನ್ನನ್ನು ಕೇಳಿದರೆ ನಾನು ಮಧುಗಿರಿ ಎನ್ನುತ್ತೇನೆ. ಕೇಳಿದವರು ಮೊದಲು ನಗುತ್ತಾರೆ. ಆಮೇಲೆ, ‘ಅಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೇ ಫಾದರ್?’ ಎಂದು ಕಳವಳದಿಂದ ವಿಚಾರಿಸುತ್ತಾರೆ.

ಯಾರಿಗೂ ಏನೂ ಆಗಿಲ್ಲ. ಬೇಸಿಗೆಯಲ್ಲಿ ಆ ಊರಿನ ಹಳೆಯ ಬೀದಿಗಳಲ್ಲಿ ಕೆಲಸವಿಲ್ಲದೆ ಅಲೆಯುವುದು ನನಗೆ ಪ್ರಿಯ, ಅಷ್ಟೆ. ಡಾಬಸ್‌ಪೇಟೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಕೊರಟಗೆರೆಯ ದಾರಿ ಹಿಡಿದ ಬಸ್ಸು ಬಂಡೆಗುಡ್ಡಗಳ ನಡುವೆ ನುಸುಳಿ ಸಾಗುತ್ತಿದ್ದಂತೆ ಕಿಟಕಿಯಿಂದ ಬೀಸುವ ಗಾಳಿ ಒಲೆಯ ಬಾಯಿಯ ಗಾಳಿಯಾಗುತ್ತದೆ. ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸು ಅಷ್ಟೇ. ಆದರೆ ಆ ದೂರದಲ್ಲಿ ಹಸಿರು ಹೇಗೆ ಹಂತಹಂತವಾಗಿ ತೆಳುವಾಗುತ್ತದೆಂಬುದನ್ನು ಗಮನಿಸಿದವರಿಗೆ ಬಯಲುಸೀಮೆ ಎಂಬ ಮಾತಿನ ಅರ್ಥ ತಾನಾಗಿಯೇ ತಿಳಿಯುತ್ತದೆ.

ಅಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರಿದ್ದಾರೆ. ನಿವೃತ್ತ ಉಪಾಧ್ಯಾಯರು. ಶಿಕ್ಷಣ ಇಲಾಖೆಯು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಮಾಡಿದೆಯಷ್ಟೆ. ನನ್ನ ಸ್ನೇಹಿತರು ವರ್ಗಾವಣೆಯ ಕೃಪೆಯಿಂದ ಆ ನಾಲ್ಕರಲ್ಲೂ ಪಾಠ ಹೇಳಿದವರು. ಈಗ ಹಳೆಯ ಊರಿನ ಭಾಗದಲ್ಲಿ, ಜಗಲಿ ಇರುವ ಹೆಂಚಿನ ಮನೆಯಲ್ಲಿ ಮಡದಿಯೊಡನೆ ವಾಸವಾಗಿದ್ದಾರೆ. ವರ್ಷಕ್ಕೆ ನಾಲ್ಕೈದು ದಿನ ನಾನು ಅವರ ಅತಿಥಿ. ನಮ್ಮಿಬ್ಬರ ಮಾತು ಕಡಿಮೆ, ನಡಿಗೆ ಹೆಚ್ಚು.

ಬೇಸಿಗೆಯಲ್ಲಿ ಅಲೆಯುವುದಕ್ಕೆ ತನ್ನದೇ ಆದ ಕಟ್ಟುಪಾಡುಗಳಿವೆ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರ ನಂತರ. ನಡುವಿನ ಹೊತ್ತು ಸೂರ್ಯನದು. ಅದರಲ್ಲಿ ನಮಗೆ ಪಾಲಿಲ್ಲ. ಬೆಳಗಿನ ಹೊತ್ತು ಹೊರಟರೆ ಮೊದಲು ಎದುರಾಗುವುದು ಬಾಗಿಲಿಗೆ ನೀರು ಚಿಮುಕಿಸಿದ ವಾಸನೆ. ಇಡೀ ರಾತ್ರಿ ಬಿಸಿಯನ್ನು ಬಿಡುತ್ತಲೇ ಇದ್ದ ಮಣ್ಣು, ಒಂದು ಚೊಂಬು ನೀರು ಬಿದ್ದೊಡನೆ ನಿಟ್ಟುಸಿರಿಡುತ್ತದೆ. ಅದರ ಮೇಲೆ ರಂಗೋಲಿ. ನೀರಿನ ಅಭಾವವಿರುವ ದಿನ ಚಿಮುಕಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒಂದು ಚೌಕ ಒರೆಸಿ ಅಷ್ಟರಲ್ಲೇ ರಂಗೋಲಿ ಎಳೆಯುವವರಿದ್ದಾರೆ. ಹೊಸ್ತಿಲ ಮುಂದಿನ ಚೌಕ ಎಷ್ಟು ದೊಡ್ಡದಾಗಿದೆ ಎಂಬುದನ್ನು ನೋಡಿಯೇ ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನವಾಯಿತೆಂದು ನನ್ನ ಸ್ನೇಹಿತರು ಹೇಳಬಲ್ಲರು.

ಊರಿನ ಬೀದಿಗಳಲ್ಲಿ ನಡೆಯುತ್ತಿದ್ದರೆ ಹೆಂಚಿನ ಮಾಡುಗಳ ಮೇಲಿಂದ, ವಿದ್ಯುತ್ ತಂತಿಗಳ ಸಂದಿಯಿಂದ ಬೆಟ್ಟ ಮತ್ತೆ ಮತ್ತೆ ಇಣುಕುತ್ತದೆ. ಏಕಶಿಲೆಯ ಬೆಟ್ಟ, ಏಷ್ಯಾದಲ್ಲೇ ಎರಡನೆಯದೆಂದು ಊರವರ ಹೆಮ್ಮೆ. ಅಳೆದವರು ಯಾರೋ, ಮೊದಲನೆಯದು ಯಾವುದೋ, ಆ ತಕರಾರು ನಮಗೇಕೆ? ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಆ ಬೋಳು ಬಂಡೆ ಬೆಳಿಗ್ಗೆ ಬೂದಿಯ ಬಣ್ಣ, ಹತ್ತು ಗಂಟೆಗೆ ಕಣ್ಣು ಕುಕ್ಕುವ ಬಿಳುಪು, ಸಂಜೆ ತಾಮ್ರ. ಅದರ ಮೈಮೇಲೆ ಕೋಟೆಯ ಗೋಡೆಗಳು ಹೊಲಿಗೆಯ ಹಾಗೆ ಸಾಗಿವೆ. ಹಗಲೆಲ್ಲ ಕುಡಿದ ಬಿಸಿಲನ್ನು ಬಂಡೆ ರಾತ್ರಿ ಕಕ್ಕುತ್ತದೆ. ಆದುದರಿಂದ ಮಾಳಿಗೆಯ ಮೇಲೆ ಚಾಪೆ ಹಾಸಿದರೂ ನಡುರಾತ್ರಿಯವರೆಗೆ ನಿದ್ದೆ ಸುಳಿಯದು. ಅಕ್ಕಪಕ್ಕದ ಮಾಳಿಗೆಗಳಿಂದ ಬೀಸಣಿಗೆಯ ಸದ್ದು, ರೇಡಿಯೋದ ಹಾಡು, ಮಗುವನ್ನು ಮಲಗಿಸುವ ತಾಯಿಯ ಗುನುಗು ಕೇಳಿಬರುತ್ತವೆ. ಇಡೀ ಬೀದಿಯೇ ಒಂದು ಮನೆಯಾದಂತೆ ತೋರುವ ಆ ಹೊತ್ತನ್ನು ಹವಾನಿಯಂತ್ರಿತ ಕೋಣೆಗೆ ಮಾರಲು ನಾನು ಸಿದ್ಧನಿಲ್ಲ.

ಬೆಟ್ಟದ ಬುಡದ ಕಡೆಗೆ ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರ ದೇವಾಲಯಗಳು ಅಕ್ಕಪಕ್ಕದಲ್ಲಿವೆ. ಕೋಟೆಯ ಬಾಗಿಲಿನ ಬಳಿ ಜೈನ ಬಸದಿಯೂ ಇದೆ. ದಾಸಯ್ಯನ ಮನೆಯೂ ಜಂಗಮಯ್ಯನ ಮನೆಯೂ ಒಂದೇ ಗೋಡೆಯ ಆಚೆ ಈಚೆ ಎಂದು ಊರವರು ತಮಾಷೆ ಮಾಡುತ್ತಾರೆ. ಹೂವಾಡಗಿತ್ತಿಯರು ಬೆಳಿಗ್ಗೆಯೇ ಬುಟ್ಟಿ ಇಳಿಸುತ್ತಾರೆ. ಬೇಸಿಗೆಯೆಂದರೆ ಮಲ್ಲಿಗೆಯ ಕಾಲ. ಬಿಸಿಲು ಹೆಚ್ಚಿದಷ್ಟೂ ಮಲ್ಲಿಗೆ ಅಗ್ಗ. ಒದ್ದೆ ಗೋಣಿಯಡಿಯಲ್ಲಿ ಮಲಗಿಸಿದ ಮೊಗ್ಗುಗಳನ್ನು ಮೊಳದ ಲೆಕ್ಕದಲ್ಲಿ ಅಳೆಯುವಾಗ ಅವರ ಮೊಳಕೈ ಗ್ರಾಹಕರನ್ನು ನೋಡಿ ಉದ್ದವೂ ಆಗುತ್ತದೆ, ಗಿಡ್ಡವೂ ಆಗುತ್ತದೆ. ಪಕ್ಕದಲ್ಲಿ ತಟ್ಟೆ ಇಡ್ಲಿಯ ಹೋಟೆಲು. ಒಂದು ಇಡ್ಲಿ ಒಂದು ತಟ್ಟೆಯಷ್ಟಗಲ. ತುಮಕೂರು ಸೀಮೆಯಲ್ಲಿ ಇದನ್ನು ತಿನ್ನದೆ ಮರಳಿದವನ ಪ್ರಯಾಣ ಲೆಕ್ಕಕ್ಕಿಲ್ಲ. ಆಚೆ ಕುಂಬಾರರ ಮಡಕೆಗಳು ಬೀದಿಯ ಅಂಚಿನಲ್ಲಿ ಸಾಲಾಗಿ ಕುಳಿತಿರುತ್ತವೆ. ಹೊಸ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳಿ ಕೊಳ್ಳುವ ಅಜ್ಜಿಯರನ್ನು ನೋಡುತ್ತ ನಿಂತರೆ ಅರ್ಧ ಗಂಟೆ ಹೋದದ್ದೇ ತಿಳಿಯದು. ಎಳನೀರು, ಮಜ್ಜಿಗೆ, ಕಬ್ಬಿನ ಹಾಲು, ಕಲ್ಲಂಗಡಿ, ತಾಟಿನುಂಗು. ತಾಟಿನುಂಗಿನ ಕಣ್ಣನ್ನು ಹೆಬ್ಬೆರಳಿನಿಂದ ತೆಗೆಯುವಾಗ ನೀರು ಅಂಗಿಯ ಮೇಲೆ ಚಿಮ್ಮದಂತೆ ತಿನ್ನಲು ನನಗೆ ಇಂದಿಗೂ ಬಾರದು. ಮಾರುವ ಹುಡುಗನಿಗೆ ಅದೇ ಮನರಂಜನೆ.

‘ಯಾವ್ ಕಡೀಕ್ ಹೊಂಟ್ರಿ ಸ್ವಾಮಿ?’ ಎಂದು ಜಗಲಿಯಿಂದ ಯಾರಾದರೂ ಕೇಳುತ್ತಾರೆ. ‘ಸುಮ್ಮನೆ’ ಎಂದರೆ ಅವರಿಗೆ ಸಮಾಧಾನವಿಲ್ಲ. ಬಿಸಿಲುಸೀಮೆಯಲ್ಲಿ ಸುಮ್ಮನೆ ನಡೆಯುವವನು ಒಂದೋ ಕಳೆದುಕೊಂಡದ್ದನ್ನು ಹುಡುಕುತ್ತಿರಬೇಕು, ಇಲ್ಲವೇ ಸಾಲಗಾರನಿಂದ ತಪ್ಪಿಸಿಕೊಳ್ಳುತ್ತಿರಬೇಕು. ‘ಬನ್ನಿ, ಕುಂತ್ಕಳಿ, ಒಂದ್ ಲೋಟ ನೀರ್ ಕುಡ್ದು ಹೋಗಿ’ ಎಂಬ ಆಹ್ವಾನ ಪ್ರಶ್ನೆಯ ಬೆನ್ನಿಗೇ ಬರುತ್ತದೆ. ಈ ನೀರಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಒಂದು ದಿನವನ್ನು ನಾವು ನೆರೆಯ ತಾಲ್ಲೂಕುಗಳಿಗೆ ಮೀಸಲಿಡುತ್ತೇವೆ. ಶಿರಾದ ಹಳೆಯ ಬೀದಿಗಳಲ್ಲಿ ನಡೆಯುವುದೆಂದರೆ ಒಂದು ರಾಜಧಾನಿಯ ನೆರಳಿನಲ್ಲಿ ನಡೆದಂತೆ. 1687ರಲ್ಲಿ ಮೊಗಲರ ಕೈಸೇರಿದ ಮೇಲೆ ಅದು ಒಂದು ಪ್ರಾಂತ್ಯದ ರಾಜಧಾನಿ. ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿವೆ. ಅಲ್ಲಿನ ತೋಟಗಳನ್ನು ಕಂಡೇ ಹೈದರಾಲಿ ಬೆಂಗಳೂರಿನ ಲಾಲ್‌ಬಾಗಿನ ಕನಸು ಕಂಡನೆನ್ನುತ್ತಾರೆ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಬಳಿ ಗಂಜಾಮನ್ನು ತುಂಬಿಸಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ಒಯ್ದನೆಂದು ಗೆಜೆಟಿಯರ್ ಬರೆಯುತ್ತದೆ. ಹನ್ನೆರಡು ಸಾವಿರ ಒಲೆಗಳು ಆರಿಹೋದ ಊರು! ತೋಟ ಬೆಂಗಳೂರಿಗೆ, ಜನ ಗಂಜಾಮಿಗೆ. ಶಿರಾಕ್ಕೆ ಬಿಸಿಲು ಉಳಿಯಿತು ಎಂದು ನನ್ನ ಸ್ನೇಹಿತರು ಹೇಳುವಾಗ ಅವರ ದನಿಯಲ್ಲಿ ನಿನ್ನೆ ನಡೆದದ್ದರ ಬೇಸರವಿರುತ್ತದೆ. ಅಲ್ಲಿಗೆ ಸಮೀಪದ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬೇಸಿಗೆಯಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಎಷ್ಟೋ ಕೆರೆಗಳು ಬತ್ತುವ ಕಾಲದಲ್ಲಿ ಅವು ಮೀನನ್ನು ಎಲ್ಲಿಂದ ತರುತ್ತವೆಯೋ! ಗ್ರಾಮಸ್ಥರು ಅವುಗಳನ್ನು ಮನೆಗೆ ಬಂದ ಹೆಣ್ಣುಮಕ್ಕಳಂತೆ ಕಾಯುತ್ತಾರೆ. ಪಾವಗಡದ ಕಡೆ ಹೋದರೆ ಬಿಸಿಲೇ ಬೆಳೆ. ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ. 2018ರ ಮಾರ್ಚಿಯಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ನೀಲಿ ಫಲಕಗಳು ಆಕಾಶ ನೋಡುತ್ತ ಮಲಗಿವೆ. ದೂರದಿಂದ ನೋಡಿದರೆ ಕೆರೆ ತುಂಬಿದಂತೆಯೇ ಕಾಣುತ್ತದೆ. ಆ ಭ್ರಮೆಯನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ತಿಳಿಯದು.

ಮರಳಿ ಮಧುಗಿರಿಗೆ. ಮಧ್ಯಾಹ್ನ ಅಲೆಯಲು ಆಗದಿದ್ದರೂ ಜಗಲಿಯಲ್ಲಿ ಕುಳಿತು ಬೀದಿಯನ್ನು ನೋಡಲು ಅಡ್ಡಿಯಿಲ್ಲ. ಆ ಹೊತ್ತು ಹುಣಸೆಹಣ್ಣಿನದು. ಬೀದಿಯ ನೆರಳಿರುವ ಮಗ್ಗುಲಿನ ಜಗಲಿಗಳಲ್ಲಿ ಹೆಂಗಸರು ಕಾಲು ಚಾಚಿ ಕುಳಿತು ಹುಣಸೆಹಣ್ಣನ್ನು ಬಿಡಿಸುತ್ತಾರೆ. ಒಣಗಿದ ಸಿಪ್ಪೆಯನ್ನು ಬಡಿದು ಉದುರಿಸುವುದು, ನಾರು ಎಳೆಯುವುದು, ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಕುಟ್ಟಿ ಬೀಜ ಹಾರಿಸುವುದು. ಟಕ್, ಟಕ್ ಎಂಬ ಸದ್ದು ಬೀದಿಯುದ್ದಕ್ಕೂ ಹಬ್ಬಿರುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆಗೆ ಬೆರಳುಗಳೆಲ್ಲ ಹುಳಿಯಿಂದ ಬಿರಿದಿರುತ್ತವೆ. ಮಾತು ಮಾತ್ರ ಬಿರಿಯುವುದಿಲ್ಲ. ಮದುವೆ, ಸಾಲ, ಸೊಸೆ, ಧಾರಾವಾಹಿ, ಮಗನ ಗಾರ್ಮೆಂಟ್ಸ್ ಕೆಲಸ, ಎಲ್ಲವೂ ಆ ಸುತ್ತಿಗೆಯ ತಾಳಕ್ಕೆ ಸಾಗುತ್ತವೆ. ಅವರು ಬಹಳ ನಗುತ್ತಾರೆ. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ.

ಹೊರಗಿನಿಂದ ಬಂದವರಿಗೆ ಅದು ಹಳ್ಳಿಯ ಹೆಣ್ಣುಮಕ್ಕಳ ನಾಚಿಕೆಯೆಂದೇ ತೋರುತ್ತದೆ. ಕವಿತೆಗೆ ತಕ್ಕ ದೃಶ್ಯವೆಂದೂ ತೋರೀತು. ನನ್ನ ಸ್ನೇಹಿತರು ಒಂದು ಮಧ್ಯಾಹ್ನ ಅಡಕೆಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೀಗೆಂದರು: ‘ಅದು ನಾಚಿಕೆಯಲ್ಲ ಫಾದರ್, ಹಲ್ಲು. ನಾನು ನಾಲ್ಕು ತಾಲ್ಲೂಕುಗಳ ತರಗತಿಗಳಲ್ಲಿ ನೋಡಿದ್ದೇನೆ. ತಮಾಷೆ ಹೇಳಿದರೆ ಇಡೀ ತರಗತಿ ನಗುತ್ತಿತ್ತು, ಅರ್ಧಕ್ಕರ್ಧ ಮಕ್ಕಳ ಕೈ ಬಾಯಿಯ ಮೇಲೆ ಹೋಗುತ್ತಿತ್ತು. ಗುಂಪು ಫೋಟೋ ತೆಗೆಸುವ ದಿನ ಛಾಯಾಗ್ರಾಹಕ, ನಗಿ, ನಗಿ, ಎಂದರೆ ತುಟಿ ಬಿಗಿದು ನಿಲ್ಲುವವರೇ ಹೆಚ್ಚು. ನನ್ನ ಬಳಿ ಅಂಥ ಫೋಟೋಗಳು ಬಹಳ ಇವೆ.’

ಮಾಸಿದ ಕಂದು ಗೆರೆಗಳ ಹಲ್ಲು. ಕಾರಣ, ಕುಡಿಯುವ ನೀರಿನಲ್ಲಿರುವ ಫ್ಲೋರೈಡ್. ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳ ಅಂತರ್ಜಲದಲ್ಲಿ ಅದು ಹೆಚ್ಚಿರುವುದು ಹಳೆಯ ಸಂಗತಿ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಅದು 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದೆಡೆ 1.5ರವರೆಗೆ ಸಹಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿರುವ ನೀರನ್ನು ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ಮಗುವಿನ ಹಲ್ಲಿನ ಮೇಲೆ ಆ ಕಲೆ ಶಾಶ್ವತವಾಗಿ ಉಳಿಯುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆಗಳಿಗೆ ಇಳಿಯುತ್ತದೆ. ಕತ್ತು ತಿರುಗದು, ಬೆನ್ನು ಬಾಗದು, ಮಂಡಿ ಮಡಿಸದು. ಕುದಿಸಿದರೆ ಹೋಗುವ ವಸ್ತುವಲ್ಲ ಅದು; ಕುದಿಸಿದಷ್ಟೂ ನೀರು ಆವಿಯಾಗಿ ಅದು ಸಾಂದ್ರವಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬೀದಿಯಲ್ಲಿ ನಡೆಯುವಾಗ ನಿಮಗೆ ಕುಡಿಯಲು ಕೊಟ್ಟ ಲೋಟದಲ್ಲಿ ಅದು ಇದೆಯೋ ಇಲ್ಲವೋ ನಿಮ್ಮ ನಾಲಿಗೆ ಹೇಳಲಾರದು.

ಅದು ಬರುವುದಾದರೂ ಎಲ್ಲಿಂದ? ಕಾರ್ಖಾನೆಗಳಿಂದಲ್ಲ. ಬಂಡೆಯಿಂದ. ಬೆಳಿಗ್ಗೆ ಬೂದಿಯೂ ಸಂಜೆ ತಾಮ್ರವೂ ಆಗಿ ನನ್ನ ಕಣ್ಣನ್ನು ತಣಿಸುವ ಈ ಕಗ್ಗಲ್ಲಿನ ಜಾತಿಯ ಶಿಲೆಗಳಲ್ಲೇ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆಯ ನೀರು ಕೆರೆಯಲ್ಲೋ ತೆರೆದ ಬಾವಿಯಲ್ಲೋ ನಿಂತರೆ ಬಾಧೆ ಕಡಿಮೆ. ಆಳದ ಬಿರುಕುಗಳಲ್ಲಿ ಬಹುಕಾಲ ಬಂಡೆಯ ಸಹವಾಸ ಮಾಡಿದ ನೀರು ಬಂಡೆಯ ಗುಣವನ್ನು ಪಡೆಯುತ್ತದೆ. ಕೆರೆ ಬತ್ತಿ, ಬಾವಿ ಬತ್ತಿ, ನಾವು ಕೊಳವೆಬಾವಿಗಳನ್ನು ನೂರಾರು ಅಡಿ ಇಳಿಸಿದಂತೆಲ್ಲ ಮೇಲೆ ಬಂದದ್ದು ಆ ನೀರು. ತುಂಗಭದ್ರೆಯ ಹಿನ್ನೀರನ್ನು ಕೊಳವೆಗಳಲ್ಲಿ ಪಾವಗಡಕ್ಕೆ ತರುವ ದುಬಾರಿ ಯೋಜನೆಯನ್ನು ಕೈಗೊಂಡದ್ದಕ್ಕೆ ಬರವಷ್ಟೇ ಅಲ್ಲ, ಇದೂ ಕಾರಣ.

ಇದನ್ನು ಅರಿತ ಮೇಲೆ ಈ ಊರಿನ ಹುಟ್ಟಿನ ಕಥೆ ನನಗೆ ಬೇರೆಯಾಗಿಯೇ ಕೇಳುತ್ತದೆ. ಇಂದಿನ ಹೆಸರು ಬರುವ ಮುನ್ನ ಇದು ಮದ್ದಗಿರಿ. ರಾಜಾ ಹಿರೇಗೌಡನೆಂಬ ಪಾಳೆಯಗಾರನ ಕಾಲದಲ್ಲಿ ಮಂದೆಯಿಂದ ತಪ್ಪಿಸಿಕೊಂಡ ಒಂದು ಕುರಿ ಮೈಯೆಲ್ಲ ತೊಯ್ದು, ನೀರು ತೊಟ್ಟಿಕ್ಕಿಸುತ್ತ ಮರಳಿತಂತೆ. ಕಾಡಿನೊಳಗೆ ಎಲ್ಲೋ ಊಟೆಯಿರಬೇಕೆಂದು ಊಹಿಸಿ, ಗಿಡಮರ ಕಡಿಸಿ ಊರು ಕಟ್ಟಿದರಂತೆ. ಮುಂದೆ 1678ರಲ್ಲಿ ಇದು ಮೈಸೂರಿನ ಅರಸರ ವಶವಾಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಇದೇ ಬೆಟ್ಟದ ಮೇಲೆ ಸೆರೆಯಲ್ಲಿಟ್ಟನು. 1767ರಲ್ಲಿ ಮರಾಠರು ಬಿಡಿಸಿದರೂ ಆಕೆ ಪುಣೆಯನ್ನು ಮುಟ್ಟುವ ಮೊದಲೇ ತೀರಿಕೊಂಡಳು. ಮಲೆನಾಡಿನ ಮಳೆಯಲ್ಲಿ ಬಾಳಿದ ಹೆಂಗಸು ಈ ಕಾದ ಕಲ್ಲಿನ ಮೇಲೆ ನಾಲ್ಕು ಬೇಸಿಗೆ ಕಳೆದಳಲ್ಲ ಎಂದು ಬೆಟ್ಟವನ್ನು ನೋಡಿದಾಗಲೆಲ್ಲ ನೆನಪಾಗುತ್ತದೆ. ಆದರೆ ಕೋಟೆ, ಪಾಳೆಯಗಾರ, ರಾಣಿ ಎಲ್ಲವೂ ಆಮೇಲಿನದು. ಮೊದಲು ಬಂದದ್ದು ಕುರಿಯ ಮೈಮೇಲಿನ ನೀರು.

ಈಗ ಸಂಜೆಯ ಬೀದಿಗೆ ಬನ್ನಿ. ಬಿಸಿಲಿಳಿದ ಮೇಲೆ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಒಂದು ಸಂತೆಯೇ ನೆರೆಯುತ್ತದೆ. ಇಪ್ಪತ್ತು ಲೀಟರಿನ ಕ್ಯಾನುಗಳು ಸೈಕಲ್ಲಿನ ಮೇಲೆ, ಸ್ಕೂಟರಿನ ಕಾಲಿಡುವ ಜಾಗದಲ್ಲಿ, ಸೊಂಟದ ಮೇಲೆ. ನಾಣ್ಯ ಹಾಕಿದರೆ ನೀರು ಬೀಳುತ್ತದೆ. ಸಾಲಿನಲ್ಲಿ ನಿಂತ ಹುಡುಗರ ಕ್ರಿಕೆಟ್ ಚರ್ಚೆ, ಹುಡುಗಿಯರ ಫಲಿತಾಂಶದ ಆತಂಕ, ಮುದುಕರ ರಾಜಕೀಯ. ಹಿಂದೆ ಬಾವಿಕಟ್ಟೆಯಲ್ಲಿ ನಡೆಯುತ್ತಿದ್ದ ಮಾತುಕತೆಯೆಲ್ಲ ಇಲ್ಲಿಗೆ ವಲಸೆ ಬಂದಿದೆ. ನನಗೆ ಊರಿನಲ್ಲಿ ಅತ್ಯಂತ ಇಷ್ಟವಾದ ತಾಣಗಳಲ್ಲಿ ಇದೂ ಒಂದೆಂದರೆ ನನ್ನ ಸ್ನೇಹಿತರು ತಲೆ ಅಲ್ಲಾಡಿಸುತ್ತಾರೆ. ಯಂತ್ರ ಕೆಟ್ಟರೆ ಈ ಸಂತೆ ವಾರಗಟ್ಟಲೆ ಚದುರುತ್ತದೆ, ಆಗ ಮತ್ತೆ ಕೊಳವೆಬಾವಿಯ ನಲ್ಲಿಯೇ ಗತಿ ಎಂಬುದನ್ನು ಅವರು ಬಲ್ಲರು.

ಇನ್ನು ಆ ಲೋಟ ನೀರಿನ ವಿಷಯ. ಹೋದ ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಒಬ್ಬ ತಾಯಿ ನಮ್ಮಿಬ್ಬರನ್ನು ಜಗಲಿಗೆ ಕರೆದರು. ಅರವತ್ತು ದಾಟಿದ ವಯಸ್ಸು. ಎದ್ದು ನಿಲ್ಲಲು ಗೋಡೆಯನ್ನು ಹಿಡಿಯಬೇಕಾಯಿತು, ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿ ಒಳಗೆ ನಡೆದರು. ಎರಡು ಸ್ಟೀಲ್ ಲೋಟಗಳಲ್ಲಿ ನೀರು ತಂದಿಟ್ಟು, ‘ಕುಡೀರಿ ಸ್ವಾಮಿ, ಫಿಲ್ಟರ್ ನೀರು’ ಎಂದರು. ಆಮೇಲೆ ತಾವು ಮೂಲೆಯ ಮಡಕೆಯಿಂದ ಮೊಗೆದು ಕುಡಿದರು. ‘ಅದೂ ಫಿಲ್ಟರ್ ನೀರೇನಮ್ಮ?’ ಎಂದು ನನ್ನ ಸ್ನೇಹಿತರು ಕೇಳಿದರು.

‘ಇಲ್ಲ ಮೇಷ್ಟ್ರೇ, ಇದು ಬೋರ್ ನೀರು. ಕ್ಯಾನ್ ನೀರು ಮೊಮ್ಮಗೂಗೆ, ಬಂದೋರಿಗೆ. ನಂಗೆ ಇನ್ನೇನಾಗ್‌ಬೇಕೈತೆ? ಆಗಾದೆಲ್ಲ ಆಗೈತೆ. ಅದ್ಕೆ ರುಚೀನೂ ಇಲ್ಲ.’

ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಆರೇಳು ವರ್ಷ, ಮುಂದಿನ ಹಾಲುಹಲ್ಲುಗಳೆರಡೂ ಉದುರಿ ಹೊಸವು ಅಂಚು ತೋರಿಸುತ್ತಿದ್ದವು. ಯಾವುದೋ ಮಾತಿಗೆ ಅವಳು ಬಾಯಿತುಂಬ ನಕ್ಕಳು. ಕೈ ಅಡ್ಡ ಬರಲಿಲ್ಲ. ಅಜ್ಜಿ ಸುತ್ತಿಗೆಯನ್ನು ಕೆಳಗಿಟ್ಟು ಆ ಬಾಯನ್ನು ನೋಡಿದ ರೀತಿಯನ್ನು ನಾನು ವರ್ಣಿಸಲಾರೆ. ಬಂಗಾರದಂಗಡಿಯಲ್ಲಿ ಒರೆಗಲ್ಲನ್ನು ನೋಡುವವರು ಹಾಗೆ ನೋಡುತ್ತಾರೆ.

ಬೀದಿಗಿಳಿದ ಮೇಲೆ ನನ್ನ ಸ್ನೇಹಿತರು ಇನ್ನೊಂದು ಸಂಗತಿ ತಿಳಿಸಿದರು. ಹುಣಸೆಹಣ್ಣು ಮೈಯೊಳಗಿನ ಫ್ಲೋರೈಡನ್ನು ಮೂತ್ರದ ಮೂಲಕ ಹೊರಹಾಕಲು ನೆರವಾಗುವುದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 2002ರಲ್ಲಿ ಪ್ರಕಟಿಸಿದ್ದಾರೆ. ಶಾಲಾ ಬಾಲಕರಿಗೆ ದಿನಕ್ಕೆ 10 ಗ್ರಾಂನಂತೆ 18 ದಿನ ಕೊಟ್ಟು ಪರೀಕ್ಷಿಸಿದ್ದರು. ಅದು ಮದ್ದೆಂದು ಭಾವಿಸಬೇಕಿಲ್ಲ. ಕಲೆಬಿದ್ದ ಹಲ್ಲು ಅದರಿಂದ ಬೆಳಗಾಗದು. ಆದರೂ ಊಟದಲ್ಲಿ ಸಾರಿಗೆ ಹುಣಸೆ ಸ್ವಲ್ಪ ಮುಂದಾಗಿಯೇ ಇರಬೇಕೆಂದು ಪಟ್ಟುಹಿಡಿಯುವ ನಮ್ಮ ಅಜ್ಜಿಯರ ನಾಲಿಗೆಯ ಬಗ್ಗೆ ನನಗೆ ಗೌರವ ಹೆಚ್ಚಿತು. ಇನ್ನೊಂದು ಯೋಚನೆಯೂ ಬಂತು. ಬೀದಿಯುದ್ದಕ್ಕೂ ಬಿಡಿಸಿ, ಉಂಡೆ ಕಟ್ಟಿ, ಗೋಣಿಯಲ್ಲಿ ತುಂಬಿ ಲಾರಿಗೆ ಏರಿಸುವ ಈ ಹುಣಸೆಯೆಲ್ಲ ಒಳ್ಳೆಯ ನೀರು ಕುಡಿಯುವ ಊರುಗಳಿಗೇ ಹೋಗುತ್ತದಲ್ಲವೇ?

ನಾನು ಹೊರಡುವ ಹಿಂದಿನ ದಿನ ಸಂಜೆ ಮೋಡ ಕವಿಯಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಕಾದಿದ್ದವರಿಗೆ ಭರಣಿ ಕೈಕೊಟ್ಟಿತ್ತು; ಇದು ಕೃತ್ತಿಕೆಯ ಮಳೆ. ಮೊದಲು ಧೂಳು ಎದ್ದಿತು, ಜಗಲಿಗಳಲ್ಲಿ ಹುಣಸೆಯನ್ನು ಒಳಗೆ ಸಾಗಿಸುವ ಗಡಿಬಿಡಿ, ಅಂಗಡಿಗಳ ಪರದೆ ಎಳೆಯುವ ಸದ್ದು. ಬೆಟ್ಟ ಕಣ್ಮರೆಯಾಯಿತು. ಕಾದ ಬಂಡೆಯ ಮೇಲೆ ಬಿದ್ದ ಮೊದಲ ಹನಿಗಳು ಆವಿಯಾಗಿ ಏಳುವ ವಾಸನೆ ಇಡೀ ಊರಿಗೆ ಇಳಿಯಿತು. ನನ್ನ ಸ್ನೇಹಿತರು ಗಡಿಯಾರ ನೋಡುತ್ತ ಮಾಡಿನ ಕೆಳಗೆ ನಿಂತಿದ್ದರು. ಮಾಡಿನ ಕೊಳೆ ತೊಳೆದುಹೋಗಲೆಂದು ಹತ್ತು ನಿಮಿಷ ಕಾದು, ಆಮೇಲೆ ಹೆಂಚಿನಿಂದ ಇಳಿಯುವ ಧಾರೆಗೆ ತಾಮ್ರದ ಹಂಡೆಯನ್ನು ಒಡ್ಡಿದರು. ಎದುರು ಸಾಲಿನಲ್ಲೂ ಒಂದೊಂದಾಗಿ ಕೊಡಪಾನಗಳು, ಬಕೆಟ್ಟುಗಳು, ಪಾತ್ರೆಗಳು ಹೊರಗೆ ಬಂದವು. ಆ ಅಜ್ಜಿಯ ಮೊಮ್ಮಗಳು ತೊಯ್ಯುತ್ತಲೇ ಬೀದಿಗೆ ಓಡಿಬಂದಳು, ‘ಒಳಕ್ ಬಾರೇ!’ ಎಂದು ಒಳಗಿನಿಂದ ಕೂಗು. ಅವಳು ಬಾಯಿ ತೆರೆದು ಆಕಾಶಕ್ಕೆ ಮುಖವೊಡ್ಡಿ ನಿಂತಳು.